ರೀಡಿಂಗ್ ಇಳಿದರೆ ನೀರೇನಾ?

ತಿಪಟೂರು ಕಡೆಯ ನಮ್ಮ ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಮಾಡಿಸಿದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತಿದರು. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಮುಂದಿನ ವಾರ ಜಿಯಾಲಜಿಸ್ಟ್ ಬಂದರು. ಸಾಲಾಗಿ ನಾಲ್ಕು ಗೂಟ ಹೊಡೆದು ವೈರ್ ಸಿಕ್ಕಿಸಿದರು. ಹೊರಗಿನ ಎರಡು ಗೂಟಕ್ಕೆ ಕರೆಂಟ್, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳತೆ. ಗೂಟ ದೂರ ಸರಿಸಿದಷ್ಟೂ ಇನ್ನೂ ಆಳದ ಸುದ್ದಿ ಸಿಗುತ್ತದೆ. ನೆಲ ಒಣಗಿ ಕಾದಿತ್ತು. ಕರೆಂಟ್ ಸರಿಯಾಗಿ ಇಳಿಯಲಿ ಅಂತ ಒಂದೊಂದು ಗೂಟದ ಬುಡಕ್ಕೂ ಚೊಂಬಿನಲ್ಲಿ ಉಪ್ಪುನೀರು ಹೊಯ್ಯುವುದು ನನ್ನ ಕೆಲಸ. ಒಂದು ಕಡೆ ರೀಡಿಂಗ್, ಅಂದರೆ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಇಳಿಯಿತು. "ಇಲ್ಲೇ ಕೊರೆಸಿ" ಅಂದರು. ರೀಡಿಂಗ್ ಕಮ್ಮಿ ಅಂದರೆ ನೀರು ಅನ್ನೋದು ಅವತ್ತೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಈಗ ನಾನಿರುವುದು ಡೆನ್ಮಾರ್ಕಿನ ಆರ್ಹಸ್‌ನಲ್ಲಿ. ಇಲ್ಲಿನ ಎಸ್ಕೆಲುಂಡ್ ಹಿಂದೆ ಕಸ ಸುರಿಯುತ್ತಿದ್ದ ಜಾಗ. ಈಗ ಮೇಲೆಲ್ಲ ಹುಲ್ಲು. ಆ ಕಸ ನೆಲದೊಳಗೆ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಅಂತ ಇಲ್ಲಿನ ವಿಶ್ವವಿದ್ಯಾಲಯದವರು ಅದೇ ಗೂಟ, ಅದೇ ಕರೆಂಟ್ ಇಟ್ಟುಕೊಂಡೇ ಹುಡುಕಿದರು. ಗೂಟ ನಾಲ್ಕಲ್ಲ, ಉದ್ದಕ್ಕೆ ಸಾಲು ಸಾಲು. ಅದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಚೊಂಬು. ಕಸ ಕೊಳೆತು ಇಳಿಯುವ ರಸವೂ ಉಪ್ಪುನೀರೇ ಅಲ್ವಾ? ಅದರಲ್ಲಿ ಕ್ಲೋರೈಡ್, ಸೋಡಿಯಂ, ಅಮೋನಿಯಂ ಜಾಸ್ತಿ. ಕರೆಂಟ್ ಸಲೀಸಾಗಿ ಹರಿಯುತ್ತದೆ. ನಮ್ಮ ಕಡೆಯ ಗಟ್ಟಿ ಬಂಡೆಯ ರೀಡಿಂಗ್ ಸಾವಿರಾರು ಓಮ್-ಮೀಟರ್ ಇದ್ದರೆ, ಈ ರಸ ನೆನೆದ ಮಣ್ಣು 10ಕ್ಕಿಂತ ಕೆಳಗೂ ಹೋಗಬಹುದು. ರೈತನ ಮುಖ ಅರಳಿಸುವ ಸಂಖ್ಯೆಯೇ ಕಸದ ಗುಡ್ಡೆಯ ಪಕ್ಕದಲ್ಲಿ ಕೆಟ್ಟ ಸುದ್ದಿ.

ಯಂತ್ರ ಎರಡೂ ಕಡೆ ಒಂದೇ. ನಾವು ಅದನ್ನು "ನೀರೆಲ್ಲಿದೆ?" ಅಂತ ಮಾತ್ರ ಕೇಳುತ್ತೇವೆ. ಇವರು "ಕೊಳೆ ಎಲ್ಲಿಗೆ ಹೋಯಿತು?" ಅಂತಲೂ ಕೇಳುತ್ತಾರೆ. ನನಗೆ ನೋವಾಗುವುದು ಇಲ್ಲೇ.

ಡೇನರು ಮೊದಲಿಂದಲೂ ಜಾಣರಾಗಿದ್ದರು ಅಂತಲ್ಲ. ಇವರೂ ಜಲ್ಲಿ ತೆಗೆದ ಹಳ್ಳಗಳಿಗೆ ಅಡಿಗೆ ಏನೂ ಹಾಸದೆ ಕಸ ತುಂಬಿದವರೇ. ಆದರೆ ಕುಡಿಯುವ ನೀರು ಹೆಚ್ಚುಕಮ್ಮಿ ಪೂರ್ತಿ ಅಂತರ್ಜಲ. ಭಯ ಹುಟ್ಟಿತು. 1999ರ ಹೊತ್ತಿಗೆ ದೇಶದ ಅಂತರ್ಜಲದ ನಕ್ಷೆ ಮಾಡಲು ಹೊರಟರು. ಖರ್ಚಿಗೆ ನೀರಿನ ಬಿಲ್ಲಿನಲ್ಲೇ ಚೂರು ಚೂರು ಸೇರಿಸಿದರು. ಅಳೆದ ಲೆಕ್ಕವನ್ನೆಲ್ಲ ಯಾರು ಬೇಕಾದರೂ ನೋಡಬಹುದು. ನಾವು ಮನೆ ಹುಡುಕುವಾಗ ನನ್ನ ಹೆಂಡತಿ ಅಡುಗೆಮನೆಗಿಂತ ಮೊದಲು ನೋಡಿದ್ದು ಆ ಜಾಗದ ಮಣ್ಣಿನ ಪ್ರಮಾಣಪತ್ರ. ವಿಳಾಸ ಹಾಕಿದರೆ ಸಾಕು. ಕೊಳೆ ಇರುವ ಅನುಮಾನ ಇದ್ದರೆ ಒಂದು ದರ್ಜೆ, ಖಚಿತವಾಗಿದ್ದರೆ ಇನ್ನೊಂದು.

ಮಾವಳ್ಳಿಪುರದ ಜನಕ್ಕೆ ಇಂಥ ಒಂದು ಹಾಳೆ ಯಾರು ಕೊಟ್ಟರು? ಬೆಂಗಳೂರಿನ ಕಸ ಅಲ್ಲಿ 2012ರಲ್ಲಿ ನಿಂತದ್ದು ಊರಿನವರ ಹೋರಾಟದಿಂದ. ಆಮೇಲೆ ಮಂಡೂರಿನ ಸರದಿ. ಅಲ್ಲೂ ಜನ ರಸ್ತೆಗಿಳಿದರು, 2014ರ ಕೊನೆಗೆ ಅದೂ ನಿಂತಿತು. ಲಾರಿ ನಿಂತ ಮಾತ್ರಕ್ಕೆ ರಸ ನಿಲ್ಲುವುದಿಲ್ಲ. ಪ್ರತಿ ಮಳೆಗೂ ಇಳಿಯುತ್ತಲೇ ಇರುತ್ತದೆ.

ಇಲ್ಲಿನ ವಿಧಾನವನ್ನು ಹಾಗೇ ಎತ್ತಿ ಅಲ್ಲಿಡಲು ಬರುವುದಿಲ್ಲ, ಅದೂ ನಿಜ. ಇಲ್ಲಿಯದು ಹಿಮನದಿ ಬಿಟ್ಟುಹೋದ ಮರಳು, ಜೇಡಿ. ಮರಳಲ್ಲಿ ರಸ ನಾಲಗೆ ಚಾಚಿದ ಹಾಗೆ ಒಂದೇ ಕಡೆ ಹರಿಯುತ್ತದೆ. ನಮ್ಮದು ಬಂಡೆ. ಅದರಲ್ಲಿ ರಸ ಬಿರುಕುಗಳ ಜಾಡು ಹಿಡಿದು ಹೋಗುತ್ತದೆ. ಒಬ್ಬರ ಬೋರ್ ಚೆನ್ನಾಗಿರುತ್ತದೆ, ಬದು ದಾಟಿದರೆ ಪಕ್ಕದವರದು ಕೆಟ್ಟಿರುತ್ತದೆ. "ಅವರ ನೀರು ಸರಿಯಿದೆಯಲ್ಲ, ನಿಮ್ಮದಕ್ಕೇನು?" ಅಂದರೆ ಬಡಪಾಯಿ ಏನು ಹೇಳಬೇಕು? 2016ರ ಕಸ ನಿರ್ವಹಣೆ ನಿಯಮ ಕಸ ಹೂಳುವ ಜಾಗದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಪರೀಕ್ಷಿಸಿ ಅಂದಿತು. ಬಿರುಕಿಗೆ 50 ಮೀಟರಿನ ಲೆಕ್ಕ ಎಲ್ಲಿ ಗೊತ್ತು? ಯಾವುದೋ ಒಂದು ಬೋರಿನಿಂದ ಬಾಟಲಿ ತುಂಬಿಸಿಕೊಂಡು ಹೋಗುವ ಮುಂಚೆ, ಎಲ್ಲಿ ತುಂಬಿಸಬೇಕು ಅಂತ ಗೂಟಗಳನ್ನೇ ಕೇಳಬೇಕು.

ಗೂಟ ಎಲ್ಲವನ್ನೂ ಹೇಳುವುದಿಲ್ಲ. ಜೇಡಿಮಣ್ಣಿಗೂ ರೀಡಿಂಗ್ ಇಳಿಯುತ್ತದೆ. ಕರೆಂಟ್ ನಿಲ್ಲಿಸಿದ ಮೇಲೂ ನೆಲದಲ್ಲಿ ಸ್ವಲ್ಪ ಹೊತ್ತು ಉಳಿಯುವ ವೋಲ್ಟೇಜನ್ನು ಅಳೆಯುವ ಇನ್ನೊಂದು ಉಪಾಯ ಇದೆ. ಎಸ್ಕೆಲುಂಡ್‌ನಲ್ಲಿ ಕಸದ ಅಂಚು ಹಿಡಿಯಲು ಅದು ನೆರವಾಯಿತು. ಚೂರೇ ಚೂರು ಇರುವ ಸೀಸವೋ ಕೀಟನಾಶಕವೋ ಇದ್ಯಾವುದಕ್ಕೂ ಕಾಣುವುದಿಲ್ಲ. ಅದಕ್ಕೆ ಕೊರೆದು, ನೀರು ತೆಗೆದು, ಲ್ಯಾಬಿಗೇ ಕಳಿಸಬೇಕು. ಆದರೆ ಸುಮ್ನೆ ಕಣ್ಣುಮುಚ್ಚಿ ಕೊರೆಯುವುದು ತಪ್ಪುತ್ತದೆ.

ನಮ್ಮಲ್ಲಿ ಆಗುವುದಿಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ. ಹೆಲಿಕಾಪ್ಟರಿಗೆ ದೊಡ್ಡ ಚೌಕಟ್ಟು ತೂಗುಬಿಟ್ಟು ನೆಲದೊಳಗನ್ನು ಅಳೆಯುವ ಸ್ಕೈಟೆಮ್ ಹುಟ್ಟಿದ್ದು ಈ ಆರ್ಹಸ್‌ನಲ್ಲಿ. 2013ರ ಸುಮಾರಿಗೆ ಅದು ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರದ ಮೇಲೂ ಹಾರಿತು. ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಮಾಡಿಸಿದ ಕೆಲಸ ಅದು. ಅಲ್ಲೂ ಹುಡುಕಿದ್ದು ನೀರನ್ನೇ. ಕಸದ ಗುಡ್ಡೆಗೆ ಹೆಲಿಕಾಪ್ಟರ್ ಬೇಡ. ಪಾಯಿಂಟ್ ಮಾಡುವ ಜಿಯಾಲಜಿಸ್ಟ್‌ಗಳು ನಮ್ಮಲ್ಲೇ ಇದ್ದಾರೆ. ಗುಡ್ಡೆಯ ನಾಲ್ಕೂ ಕಡೆ ಒಂದೊಂದು ಸಾಲು, ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ ಅಳೆಯಲಿ. ಬಂದ ನಕ್ಷೆಯನ್ನು ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.