ನಿನ್ನೆ ರಾತ್ರಿಯ ನೇರಪ್ರಸಾರ

ಅಮೆರಿಕದ ಟೀವಿ ಚಾನೆಲ್ ಎನ್‌ಬಿಸಿಯವರು ‘ಹೇರ್’ ಕೈಬಿಟ್ಟರಂತೆ. 2019ರ ಮೇ 19ಕ್ಕೆ ಟೀವಿಯಲ್ಲಿ ಲೈವ್ ಬರಬೇಕಿದ್ದ ಸಂಗೀತ ನಾಟಕ ಫೆಬ್ರವರಿಯಲ್ಲೇ ಮಕಾಡೆ ಮಲಗಿತು. ಜನವರಿ 27ರಂದು ಇನ್ನೊಂದು ಚಾನೆಲ್ ಫಾಕ್ಸ್‌ನವರ ‘ರೆಂಟ್: ಲೈವ್’ ಅನ್ನುವ ಇಂಥದ್ದೇ ನಾಟಕಕ್ಕೆ ಆದ ಗತಿ ನೋಡಿ ಇವರಿಗೂ ಚಳಿ ಹಿಡಿದಿರಬೇಕು.  ಅದಕ್ಕೆ ಆಮೇಲೆ ಬರುತ್ತೇನೆ.

ನನಗಂತೂ ಬೇಜಾರಾಯಿತು. ‘ಹೇರ್’ ಬಗ್ಗೆ ನನಗಿದ್ದದ್ದು ಒಂದೇ ಕುತೂಹಲ. 1968ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳ ಬೀದಿ ಬ್ರಾಡ್‌ವೇಗೆ ಬಂದ ಹಿಪ್ಪಿಗಳ ನಾಟಕ ಅದು. ವಿಯೆಟ್ನಾಂ ಯುದ್ಧ ಬೇಡ ಅನ್ನುತ್ತೆ, ಗಾಂಜಾ ಬೇಕು ಅನ್ನುತ್ತೆ, ಮೊದಲ ಅಂಕದ ಕೊನೆಗೆ ನಟನಟಿಯರು ಮೈಮೇಲೆ ನೂಲೂ ಇಲ್ಲದೆ ನಿಲ್ಲುತ್ತಾರೆ. ಅದನ್ನು ಭಾನುವಾರ ರಾತ್ರಿ, ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವ ಚಾನೆಲ್‌ನಲ್ಲಿ, ನಡುನಡುವೆ ಕಾರಿನದ್ದು ಸೋಪಿನದ್ದು ಜಾಹೀರಾತು ಹಾಕಿಕೊಂಡು ಹೇಗೆ ತೋರಿಸುತ್ತಾರೆ? ಹೂವಿನ ಹಾರ ಹಾಕಿಸುತ್ತಾರಾ? ಹೊಗೆ ಬಿಡುತ್ತಾರಾ? ಸರಿಯಾಗಿ ಆ ಹೊತ್ತಿಗೇ ಟವೆಲ್ ಕಂಪನಿಯ ಜಾಹೀರಾತು ಬರುತ್ತಾ? ಚಾನೆಲ್‌ನ ವಕೀಲರು, ಜಾಹೀರಾತಿನವರು, ನಿರ್ದೇಶಕರು ಒಂದೇ ಮೇಜಿನ ಸುತ್ತ ಕೂತು ಇದನ್ನು ಚರ್ಚೆ ಮಾಡುವ ಮೀಟಿಂಗನ್ನು ಲೈವ್ ಮಾಡಿದ್ದರೆ ದುಡ್ಡು ಕೊಟ್ಟು ನೋಡುತ್ತಿದ್ದೆ.

ಈ ಲೈವ್ ಮ್ಯೂಸಿಕಲ್‌ಗಳ ವಿಷಯದಲ್ಲಿ ನೋಡುವುದಕ್ಕಿಂತ ಕಾಯುವುದರಲ್ಲೇ ಮಜಾ ಜಾಸ್ತಿ. ಜೆನಿಫರ್ ಲೋಪೆಜ್ ‘ಬೈ ಬೈ ಬರ್ಡಿ’ ಮಾಡುತ್ತಾರೆ ಅಂತ 2016ರಲ್ಲಿ ಇದೇ ಎನ್‌ಬಿಸಿ ಡಂಗುರ ಸಾರಿತು. 2017ರ ಡಿಸೆಂಬರ್ ಅಂದರು. ಆಮೇಲೆ 2018 ಅಂದರು. ಆಮೇಲೆ ಅದರ ಸುದ್ದಿಯೇ ಇಲ್ಲ. ಆರನ್ ಸೋರ್ಕಿನ್ ಬರೆದ ನಾಟಕವೊಂದನ್ನೂ ಲೈವ್ ಮಾಡುತ್ತೇವೆ ಅಂದಿದ್ದರು, ಅದೂ ನಾಪತ್ತೆ. ಬೆಂಗಳೂರು ಮೆಟ್ರೋದ ಗಡುವುಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ. ಆದರೆ ಮೆಟ್ರೋದವರು ಎಷ್ಟು ತಡ ಮಾಡಿದರೂ ಕೊನೆಗೊಂದು ದಿನ ರೈಲು ಓಡಿಸುತ್ತಾರೆ, ಪಾಪ.

ಘೋಷಣೆ ಆದಮೇಲೆ ಪ್ರಚಾರ ಶುರು. ರಿಹರ್ಸಲ್ ಕೋಣೆಯ ತುಣುಕುಗಳು. ಹೀರೋಯಿನ್ ಬಿಸಿನೀರು ಕುಡಿದದ್ದು, ಹೀರೋ ನೆಲದ ಮೇಲೆ ಅಂಗಾತ ಮಲಗಿ ಡೈಲಾಗ್ ಕಂಠಪಾಠ ಮಾಡಿದ್ದು. ಸಂದರ್ಶನದಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಲೈವ್ ನೋಡಿ, ಏನು ಬೇಕಾದರೂ ಆಗಬಹುದು! ಏನೂ ಆಗದ ಹಾಗೆ ನೋಡಿಕೊಳ್ಳೋದಕ್ಕೆ ಮಾತ್ರ ನೂರಾರು ಜನ ಹಗಲು ರಾತ್ರಿ ದುಡಿಯುತ್ತಿರುತ್ತಾರೆ. ನಾವಾದರೋ ಏನಾದರೂ ಆಗಲಿ ದೇವರೇ ಅಂತ ಚಿಪ್ಸ್ ಪೊಟ್ಟಣ ಹಿಡಿದು ಕೂತಿರುತ್ತೇವೆ. ಬಣ್ಣದ ಪರದೆ ಬೀಳಬೇಕು. ಯಾರದಾದರೂ ಮೈಕ್ ಕೈಕೊಡಬೇಕು. ಹಾರುವ ಹುಡುಗ ಪೀಟರ್ ಪ್ಯಾನ್ ತಂತಿಗೆ ಸಿಕ್ಕಿಕೊಂಡು ಗಾಳಿಯಲ್ಲಿ ತಲೆಕೆಳಗಾಗಿ ತೂಗಬೇಕು.

ಈ ಹುಚ್ಚು ಈಗ ಮತ್ತೆ ಶುರುವಾಗಿದ್ದು 2013ರ ಡಿಸೆಂಬರ್ 5ರಂದು, ‘ಸೌಂಡ್ ಆಫ್ ಮ್ಯೂಸಿಕ್ ಲೈವ್’ನಿಂದ. ಹಳ್ಳಿಗಾಡಿನ ಸಂಗೀತದ ದೊಡ್ಡ ಗಾಯಕಿ ಕ್ಯಾರಿ ಅಂಡರ್‌ವುಡ್, ಮಠ ಬಿಟ್ಟು ಮಕ್ಕಳನ್ನು ನೋಡಿಕೊಳ್ಳಲು ಬರುವ ಮರಿಯಾ ಆಗಿದ್ದರು. ಟೀವಿಯಲ್ಲಿ ರಕ್ತ ಹೀರುವ ಪಿಶಾಚಿಯಾಗಿ ಹೆಸರು ಮಾಡಿದ್ದ ಸ್ಟೀಫನ್ ಮೋಯರ್ ಆ ಮಕ್ಕಳ ಅಪ್ಪ, ಕ್ಯಾಪ್ಟನ್. ಲಾಂಗ್ ಐಲೆಂಡಿನ ಸ್ಟುಡಿಯೋದಲ್ಲಿ ಸೆಟ್ಟು. ಎದುರಿಗೆ ಪ್ರೇಕ್ಷಕರು ಮಾತ್ರ ಇಲ್ಲ. ಹಾಡು ಮುಗಿಯುತ್ತೆ, ಒಂದು ಚಪ್ಪಾಳೆಯೂ ಇಲ್ಲ. ಮಕ್ಕಳು ಅಷ್ಟು ಚೆನ್ನಾಗಿ ಹಾಡಿ ಸುಮ್ನೆ ನಿಂತಿರುತ್ತವೆ. ಆದರೂ 1 ಕೋಟಿ 86 ಲಕ್ಷ ಜನ ನೋಡಿದರು. ಅವರಲ್ಲಿ ಎಷ್ಟೋ ಜನ ಟ್ವಿಟರ್ ತೆರೆದಿಟ್ಟುಕೊಂಡು, ಆ ಹೆಣ್ಣುಮಗಳನ್ನು ಆಡಿಕೊಳ್ಳಲೆಂದೇ ಕೂತವರು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿಯವರಿಗೆ ಈ ಲೈವ್ ಮೂರು ಗಂಟೆ ತಡವಾಗಿ ಬಂತು. ನ್ಯೂಜೆರ್ಸಿಯಲ್ಲಿರುವ ಭಾವನಿಗೆ ರಾತ್ರಿ ಎಂಟು, ನನಗೆ ಸಂಜೆ ಐದು, 880 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಮುಂದಿನ ಲಾರಿಯ ಹಿಂಬದಿ ನೋಡುತ್ತಾ ಕೂತಿದ್ದೆ. ವಾಟ್ಸಾಪ್ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಮನೆಗೆ ಬಂದು ನೋಡಿದರೆ ಭಾವ ಅಂಕ ಅಂಕವಾಗಿ ವರದಿ ಒಪ್ಪಿಸಿದ್ದರು. ‘ಮದುವೆ ಆಗೋಯ್ತು ಕಣೋ’, ‘ನಾಜಿಗಳು ಬಂದ್ರು’, ‘ಮದರ್ ಆಗಿರೋಳು ಏನ್ ಹಾಡ್ತಾಳೋ ಮಾರಾಯ’. ನಮ್ಮ ಟೀವಿಯಲ್ಲಿ ಮರಿಯಾ ಮಠದಿಂದ ಗಂಟುಮೂಟೆ ಕಟ್ಟುವ ಹೊತ್ತಿಗೆ, ಪೂರ್ವದವರ ಟೀವಿಯಲ್ಲಿ ಇಡೀ ಸಂಸಾರ ಬೆಟ್ಟ ಹತ್ತಿ ಗಡಿ ದಾಟಿಯಾಗಿತ್ತು. ‘ಭಾವಾ, ಸ್ವಲ್ಪ ಸುಮ್ನಿರ್ತೀರಾ’ ಅಂತ ಬರೆದೆ. ‘ಕಥೆ ಗೊತ್ತಿರೋದೇ ಅಲ್ವೇನೋ’ ಅಂದರು. ಅದೂ ಸರಿಯೇ. ಮಠದ ಹಿರಿಯ ಸನ್ಯಾಸಿನಿ ಮದರ್ ಪಾತ್ರದ ಆಡ್ರಾ ಮೆಕ್‌ಡೊನಾಲ್ಡ್ ಬಗ್ಗೆ ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

1950ರ ದಶಕದಲ್ಲೂ ಅಮೆರಿಕದ ಟೀವಿ ಇದೇ ಕೆಲಸ ಮಾಡುತ್ತಿತ್ತು. 1955ರ ಮಾರ್ಚ್ 7ರಂದು ಎನ್‌ಬಿಸಿ ಮೇರಿ ಮಾರ್ಟಿನ್‌ರ ‘ಪೀಟರ್ ಪ್ಯಾನ್’ ಅನ್ನು ಲೈವ್ ತೋರಿಸಿತು. ಟೇಪಿನಲ್ಲಿ ಹಿಡಿದಿಡುವ ವ್ಯವಸ್ಥೆಯೇ ಆಗ ಇರಲಿಲ್ಲ. ಜನ ಮತ್ತೆ ಬೇಕು ಅಂದರು. ಏನು ಮಾಡುವುದು? ಮರುವರ್ಷ ನಟರನ್ನೆಲ್ಲ ಕರೆಸಿ, ಮತ್ತೆ ತಂತಿ ಕಟ್ಟಿ, ಮತ್ತೆ ಹಾರಿಸಿದರು. 1957ರಲ್ಲಿ ಮತ್ತೊಂದು ಚಾನೆಲ್ ಸಿಬಿಎಸ್‌ನ ‘ಸಿಂಡರೆಲಾ’ದಲ್ಲಿ ಜೂಲಿ ಆಂಡ್ರ್ಯೂಸ್ ಹಾಡಿದ ರಾತ್ರಿ 10 ಕೋಟಿಗೂ ಹೆಚ್ಚು ಜನ ಟೀವಿ ಮುಂದೆ ಇದ್ದರು ಅಂತ ಲೆಕ್ಕ. ಬಣ್ಣದಲ್ಲಿ ಪ್ರಸಾರವಾಗಿದ್ದು. ಇವತ್ತು ಉಳಿದಿರುವುದು ಪರದೆಯಿಂದ ಫಿಲ್ಮಿಗೆ ಇಳಿಸಿಕೊಂಡ ಕಪ್ಪುಬಿಳುಪು ಪ್ರತಿ ಮಾತ್ರ. ಆ ಜನಕ್ಕೆ ಲೈವ್ ಬಿಟ್ಟರೆ ಗತಿ ಇರಲಿಲ್ಲ. ಹಾಗಾಗಿ ಅದರ ಬಗ್ಗೆ ಅಷ್ಟೊಂದು ಜಂಬವೂ ಇರಲಿಲ್ಲ ಅನಿಸುತ್ತೆ.

ಈಗ ‘ರೆಂಟ್’.

ಶನಿವಾರ ರಾತ್ರಿ, ಪೂರ್ತಿ ವೇಷ ಹಾಕಿ ಮಾಡುವ ಕೊನೆಯ ರಿಹರ್ಸಲ್. ಪ್ರದರ್ಶನ ಮುಗಿಯುತ್ತಾ ಬಂದಿದೆ. ರೋಜರ್ ಪಾತ್ರದ ಬ್ರೆನ್ನಿನ್ ಹಂಟ್ ಪಾದ ಮುರಿಯಿತು. ಭಾನುವಾರ ಲೈವ್. ತಿಂಗಳುಗಟ್ಟಲೆ ಸಾರಿಕೊಂಡು ಬಂದ ‘ಏನು ಬೇಕಾದರೂ ಆಗಬಹುದು’ ಅನ್ನುವುದು ಒಂದು ದಿನ ಮುಂಚೆಯೇ ಆಗಿಬಿಟ್ಟಿತು. ಆಗ ಫಾಕ್ಸ್‌ನವರು ಮಾಡಿದ್ದೇನು? ಶನಿವಾರದ ರಿಹರ್ಸಲ್ಲಿನ ವಿಡಿಯೋ ಹಾಕಿದರು. ಮುಚ್ಚುಮರೆ ಏನೂ ಮಾಡಲಿಲ್ಲ, ನೋಡುಗರಿಗೆ ವಿಷಯ ತಿಳಿಸಿಯೇ ಹಾಕಿದರು, ಅಷ್ಟರ ಮಟ್ಟಿಗೆ ಸಜ್ಜನರು. ಕೊನೆಯ ಒಂದಿಷ್ಟು ಹೊತ್ತು ಮಾತ್ರ ನಿಜವಾದ ಲೈವ್. ಹಂಟ್ ಕಾಲಿಗೆ ಕಟ್ಟು ಹಾಕಿಕೊಂಡು ಕೂತೇ ಹಾಡಿದರು. ಕೊನೆಯ ಹಾಡಿಗೆ ಬ್ರಾಡ್‌ವೇಯ ಮೊದಲ ತಂಡದವರೂ ಬಂದು ಸೇರಿಕೊಂಡರು. ಕಾರ್ಯಕ್ರಮದ ಹೆಸರು ಮಾತ್ರ ಶುರುವಿನಿಂದ ಕೊನೆಯವರೆಗೂ ‘ರೆಂಟ್: ಲೈವ್’.

ಇಲ್ಲಿಗೆ ಮುಗಿದಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆ ಭಾನುವಾರ ಸ್ಟುಡಿಯೋಗೆ ಬಂದ ಪ್ರೇಕ್ಷಕರಿದ್ದರಲ್ಲ, ಅವರಿಗೆ ಅದೇ ನಟರು ಕುಣಿತ, ಸೆಟ್ಟಿನ ಆರ್ಭಟ ಎಲ್ಲ ಬಿಟ್ಟು, ಕಛೇರಿಯ ಥರ ಇಡೀ ನಾಟಕ ಹಾಡಿ ತೋರಿಸಿದರು. ಕಾಲು ಮುರಿದ ಹುಡುಗನೂ ಹಾಡಿದ. ಅಂದರೆ ಲೈವ್ ನಡೆಯುತ್ತಿತ್ತು. ಅದೇ ಹೊತ್ತಿಗೆ, ಅದೇ ಸ್ಟುಡಿಯೋದಲ್ಲಿ, ಅದೇ ನಟರ ಬಾಯಲ್ಲಿ. ದೇಶಕ್ಕೆ ಮಾತ್ರ ನಿನ್ನೆಯ ರಿಹರ್ಸಲ್ ಹೋಗುತ್ತಿತ್ತು. ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು. ಆನ್ ಮಾಡಿದ್ದರೆ ಸಾಕಿತ್ತು.

ರಿಹರ್ಸಲ್ಲಿನಲ್ಲಿ ಯಾವ ಗಾಯಕನೂ ಗಂಟಲನ್ನು ಪೂರ್ತಿ ಬಿಡುವುದಿಲ್ಲ, ನಾಳೆಗೆ ಅಂತ ಸ್ವಲ್ಪ ಉಳಿಸಿಕೊಳ್ಳುತ್ತಾನೆ. ಹಾಗೆ ಉಳಿಸಿಕೊಂಡ ದನಿಯನ್ನೇ ಇಡೀ ಅಮೆರಿಕ ಕೇಳಿತು. ಬಿಟ್ಟು ಹಾಡಿದ ದನಿ ಸ್ಟುಡಿಯೋದ ಗೋಡೆ ದಾಟಲಿಲ್ಲ.

ಅದೂ ಯಾವ ನಾಟಕಕ್ಕೆ! ‘ರೆಂಟ್’ ಬರೆದ ಜೊನಾಥನ್ ಲಾರ್ಸನ್‌ಗೆ 35 ವರ್ಷ. 1996ರ ಜನವರಿಯಲ್ಲಿ ಕೊನೆಯ ರಿಹರ್ಸಲ್ ನೋಡಿ ಮನೆಗೆ ಹೋದವನು 25ರ ಬೆಳಗಿನ ಜಾವ ತೀರಿಕೊಂಡ. ಎದೆಯ ದೊಡ್ಡ ರಕ್ತನಾಳ ಸೀಳಿತ್ತು. ಎದೆನೋವು ಅಂತ ಆಸ್ಪತ್ರೆಗೆ ಹೋದರೆ ಕಾಯಿಲೆ ಏನೆಂದು ಯಾರೂ ಕಂಡುಹಿಡಿದಿರಲಿಲ್ಲ. ಅವತ್ತು ರಾತ್ರಿಯೇ ಮೊದಲ ಪ್ರದರ್ಶನ ಇತ್ತು. ಟಿಕೆಟ್ ಪ್ರದರ್ಶನ ರದ್ದು ಮಾಡಿ, ಅವನ ಮನೆಯವರು, ಸ್ನೇಹಿತರ ಎದುರಿಗೆ ನಟರು ಸುಮ್ನೆ ಮೇಜಿನ ಮುಂದೆ ಕೂತು ಹಾಡುವುದು ಅಂತಾಯಿತು. ಮೊದಲ ಅಂಕ ಮುಗಿಯುವಷ್ಟರಲ್ಲಿ ಅವರಿಗೆ ಕೂರಲು ಆಗಲಿಲ್ಲ. ಎದ್ದರು, ಮೇಜಿನ ಮೇಲೆ ಹತ್ತಿದರು, ಕುಣಿದು ಮುಗಿಸಿದರು. ಅದೇ ನಾಟಕ ಬ್ರಾಡ್‌ವೇಯಲ್ಲಿ 2008ರವರೆಗೆ ನಡೆಯಿತು.

ಬರೆದವನೇ ಸತ್ತ ದಿನ ಕೂತಾದರೂ ಹಾಡಿದ ನಾಟಕಕ್ಕೆ, ಪಾದ ಮುರಿದ ದಿನ ಟೇಪು.

ಹಂಟ್ ಮೇಲೆ ನನಗೇನೂ ಸಿಟ್ಟಿಲ್ಲ. ಕಾಲು ಯಾರದು ಬೇಕಾದರೂ ಮುರಿಯುತ್ತೆ. ನಾಟಕದವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಬ್ರಾಡ್‌ವೇಯಲ್ಲಿ ಪ್ರತಿ ಮುಖ್ಯ ಪಾತ್ರಕ್ಕೂ ಒಬ್ಬ ಬದಲಿ ನಟ ಇರುತ್ತಾನೆ. ಪಾತ್ರವೆಲ್ಲ ಕಲಿತು, ವೇಷದ ಅಳತೆ ಕೊಟ್ಟು, ಪಕ್ಕದಲ್ಲಿ ಕಾಯುತ್ತಾ ಕೂತಿರುವವನು. ಫಾಕ್ಸ್‌ನ ‘ರೆಂಟ್’ಗೆ ಬದಲಿ ನಟರೇ ಇರಲಿಲ್ಲ. ಅಷ್ಟು ದೊಡ್ಡ ಸೆಟ್ಟಿಗೆ ದುಡ್ಡಿತ್ತು. ಪ್ರಚಾರಕ್ಕೆ ದುಡ್ಡಿತ್ತು. ಬಾಡಿಗೆ ಕಟ್ಟಲಾಗದ ಕಲಾವಿದರ ಕಥೆ ತೋರಿಸುವವರಿಗೆ, ಬಾಡಿಗೆ ಕಟ್ಟಲು ಒದ್ದಾಡುವ ಇನ್ನೊಬ್ಬ ಹುಡುಗನಿಗೆ ಒಂದಷ್ಟು ವಾರ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಹೊಳೆಯಲಿಲ್ಲ. ನ್ಯೂಯಾರ್ಕ್ ತುಂಬಾ, ಲಾಸ್ ಏಂಜಲೀಸ್ ತುಂಬಾ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ಈ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡವರು ಇದ್ದಾರೆ. ಯಾರನ್ನಾದರೂ ಕರೆದಿದ್ದರೆ ಓಡಿ ಬರುತ್ತಿದ್ದರು. ತಪ್ಪು ಹಾಡುತ್ತಿದ್ದನಾ? ಹಾಡಲಿ ಬಿಡಿ. ಅದನ್ನೇ ಅಲ್ವಾ ತಿಂಗಳುಗಟ್ಟಲೆ ಮಾರಿದ್ದು?

ಆಗೋದಿಲ್ಲ ಅಂತೇನಿಲ್ಲ. ಇದೇ ಫಾಕ್ಸ್ 2016ರಲ್ಲಿ ‘ಗ್ರೀಸ್: ಲೈವ್’ ಮಾಡಿತು. ಅವತ್ತು ಮಳೆ. ಬಯಲಿನ ಸೆಟ್ಟೆಲ್ಲ ಒದ್ದೆ. ಛತ್ರಿ ಹಿಡಿದುಕೊಂಡೇ ಶುರುವಿನ ಹಾಡು ಮುಗಿಸಿದರು, ಛತ್ರಿಯಿಂದಲೇ ಅದಕ್ಕೊಂದು ಕಳೆ ಬಂತು. ಅದರ ನಟಿ ವನೆಸಾ ಹಜೆನ್ಸ್‌ಳ ತಂದೆ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಆಕೆ ಬಂದಳು, ಪಾತ್ರ ಮಾಡಿದಳು. ಅದೇ ಹಜೆನ್ಸ್ ಈ ‘ರೆಂಟ್’ನಲ್ಲೂ ಇದ್ದಳು. ಅವಳಿಗೆ ಏನನಿಸಿತೋ.

‘ರೆಂಟ್’ ನೋಡಿದವರು 34 ಲಕ್ಷದಷ್ಟು ಜನ. ‘ಸೌಂಡ್ ಆಫ್ ಮ್ಯೂಸಿಕ್’ ನೋಡಿದವರಲ್ಲಿ ಐದರಲ್ಲಿ ಒಂದು ಪಾಲೂ ಇಲ್ಲ. ನೋಡಿರಿ, ಜನಕ್ಕೆ ಇದು ಬೇಡವಂತೆ ಅಂತ ಚಾನೆಲ್‌ನವರು ತೀರ್ಮಾನಿಸುತ್ತಾರೆ. ‘ಹೇರ್’ ರದ್ದು ಮಾಡುತ್ತಾರೆ.

ನಮ್ಮ ಕನ್ನಡ ಕೂಟದಲ್ಲಿ ಒಂದು ಯುಗಾದಿಗೆ ಹೀಗೇ ಆಗಿತ್ತು. ರಾಜನ ಪಾತ್ರದವನು ಡೆನ್ವರ್‌ನಲ್ಲಿ ಹಿಮಕ್ಕೆ ಸಿಕ್ಕಿಬಿದ್ದ, ವಿಮಾನ ಹೊರಡಲಿಲ್ಲ. ಪರದೆ ಹಿಂದೆ ಮಾತು ಹೇಳಿಕೊಡುತ್ತಿದ್ದವರನ್ನೇ ಕಿರೀಟ ಹಾಕಿ ತಳ್ಳಿದರು. ಅರವತ್ತು ದಾಟಿದ ಸಾಧು ಮನುಷ್ಯ. ಎಡಗೈಯಲ್ಲಿ ಕತ್ತಿ, ಬಲಗೈಯಲ್ಲಿ ಸ್ಕ್ರಿಪ್ಟು, ಮೂಗಿನ ಮೇಲೆ ಕನ್ನಡಕ. ಮಗ ಸತ್ತ ಸುದ್ದಿ ಬಂದು ರಾಜ ಗೋಳಾಡಬೇಕು, ಆಗಲೇ ಪುಟ ಮುಗಿಯಿತು. ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಬೆರಳಿಗೆ ಎಂಜಲು ಹಚ್ಚಿ, ಪುಟ ತಿರುಗಿಸಿ, ‘ಅಯ್ಯೋ ಮಗನೇ’ ಅಂದರು. ಸಭಾಂಗಣ ಶಿಳ್ಳೆಯಲ್ಲಿ ಮುಳುಗಿತು. ಹಿಂದಿನ ರಾತ್ರಿಯ ರಿಹರ್ಸಲ್ ವಿಡಿಯೋ ಯಾರದೋ ಫೋನಿನಲ್ಲಿ ಪೂರ್ತಿ ಇತ್ತು. ಪ್ರೊಜೆಕ್ಟರ್ ಕೂಡ ಇತ್ತು. ಅದನ್ನು ಹಾಕೋಣ ಅಂತ ಒಬ್ಬರೂ ಅನ್ನಲಿಲ್ಲ. ಅಸಲಿ ರಾಜ ಏರ್‌ಪೋರ್ಟಿನಿಂದ ಬ್ಯಾಗು ಎಳೆದುಕೊಂಡು ಬಂದಾಗ ಊಟದ ಸಾಲು ಕರಗುತ್ತಿತ್ತು. ಬಿಸಿಬೇಳೆಬಾತ್ ಮುಗಿದಿತ್ತು, ಮೊಸರನ್ನ ಕೊಟ್ಟರು.