ಸತ್ಯಾಂಶ: ಸ್ಪೆನ್ಸರ್ ಡಾರ್ವಿನ್‌ನನ್ನು ನಕಲು ಮಾಡಿದನೇ?

‘ಡಾರ್ವಿನ್‌ನ ವಿಕಾಸವಾದವನ್ನೇ ಎತ್ತಿಕೊಂಡು ಇಂಗ್ಲೆಂಡಿನ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಸಮಾಜಕ್ಕೂ ಅಂಟಿಸಿದ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಇಸವಿ ನೋಡಿದರೇ ಬಿದ್ದುಹೋಗುತ್ತದೆ. ವಿಕಾಸವಾದ ಮಂಡಿಸಿದ ಡಾರ್ವಿನ್‌ನ ಪುಸ್ತಕ ‘ಆರಿಜಿನ್ ಆಫ್ ಸ್ಪೀಷೀಸ್’ ಬಂದದ್ದು 1859ರಲ್ಲಿ. ಏಕರೂಪದ್ದು ಬಹುರೂಪವಾಗುತ್ತಾ ಹೋಗುತ್ತದೆ, ಸೌರಮಂಡಲಕ್ಕೂ ಭ್ರೂಣಕ್ಕೂ ಭಾಷೆಗೂ ವ್ಯಾಪಾರಕ್ಕೂ ಇದೇ ನಿಯಮ ಎಂದು ಸ್ಪೆನ್ಸರ್ 1857ರಲ್ಲೇ ಬರೆದಿದ್ದ. ಅವನಿಗೆ ಈ ಎಳೆ ಸಿಕ್ಕಿದ್ದು ಭ್ರೂಣವಿಜ್ಞಾನಿ ಫಾನ್ ಬೇರ್‌ನಿಂದ. ಅದೊಂದೇ ಸೂತ್ರದಲ್ಲಿ ಜೀವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನೀತಿಶಾಸ್ತ್ರಗಳನ್ನೆಲ್ಲ ಪೋಣಿಸಲು ಹೊರಟು, 1862ರಿಂದ 1896ರವರೆಗೆ ಸಂಪುಟದ ಮೇಲೆ ಸಂಪುಟ ತಂದ. ಹಟ ಮೆಚ್ಚಬೇಕು, ವಾದ ಒಪ್ಪುವುದು ಬೇರೆ ಮಾತು.

‘ಸಮರ್ಥರ ಉಳಿವು’ ಎಂಬ ಮಾತು ಮಾತ್ರ ಡಾರ್ವಿನ್‌ನನ್ನು ಓದಿದ ಮೇಲೆ, 1864ರಲ್ಲಿ, ಸ್ಪೆನ್ಸರನೇ ಕಟ್ಟಿದ್ದು. ಡಾರ್ವಿನ್ ಅದನ್ನು ತನ್ನ ಆ ಪುಸ್ತಕದ 1869ರ ಐದನೇ ಆವೃತ್ತಿಗೆ ಸೇರಿಸಿಕೊಂಡ. ಹಾಗಿದ್ದೂ ಸ್ಪೆನ್ಸರನ ತೀರ್ಮಾನಗಳು ತನಗೆ ಮನವರಿಕೆಯಾಗಲಿಲ್ಲವೆಂದು ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ.