ಕೊಳಲಿನವರು ಬ್ಯಾಡ್ರಿ, ಕೀಬೋರ್ಡ್ ಐತಲ್ಲ

ಮೊನ್ನೆ ನಮ್ಮ ಓಣಿಯ ಗಣಪತಿ ಮೀಟಿಂಗಿನಲ್ಲಿ ಆರ್ಕೆಸ್ಟ್ರಾ ಖರ್ಚಿನ ಮಾತು ಬಂತು. "ಕೊಳಲಿನವರು ಬ್ಯಾಡ್ರಿ, ಕೀಬೋರ್ಡಿನ್ಯಾಗ ಆ ಟೋನ್ ಐತಿ" ಅಂದರು ಒಬ್ಬರು. ಯಾರೂ ತಕರಾರು ತೆಗೆಯಲಿಲ್ಲ. ನಾನೂ ಸುಮ್ಮನೆ ಕೂತೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ನಮ್ಮ ಕಾಕಾ ಇಪ್ಪತ್ತಾರು ವರ್ಷ ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಕೊಳಲು ನುಡಿಸಿದವರು. ಹಗಲು ಅಂಗಡಿ, ರಾತ್ರಿ ಜಾತ್ರೆ, ಮದುವೆ, ಗಣಪತಿ. ಹೆಗಲಿಗೆ ಉದ್ದನೆಯ ಚೀಲ, ಅದರಲ್ಲಿ ಹದಿನಾಲ್ಕು ಕೊಳಲು. ಬಿದಿರಿನ ಕೊಳಲಿಗೆ ಒಂದೊಂದಕ್ಕೂ ಒಂದೊಂದು ಶ್ರುತಿ; ಹಾಡುವವರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಒಂದು ಅಂದರೆ ಒಂದು, ಬಿಳಿ ಎರಡು ಅಂದರೆ ಇನ್ನೊಂದು. ಪಲ್ಲವಿ ಮುಗಿದು ಚರಣ ಬರುವುದರೊಳಗೆ ಕೊಳಲಿಗೆ ಹತ್ತು ಸೆಕೆಂಡಿನ ಬಿಟ್, ಅಂದರೆ ಒಂದು ಸಣ್ಣ ತುಣುಕು. ತಪ್ಪಿದರೆ ಇಡೀ ಮೈದಾನಕ್ಕೆ ಗೊತ್ತಾಗುತ್ತದೆ. ಸರಿ ಬಂದರೆ ಚಪ್ಪಾಳೆ ಹಾಡಿದವರಿಗೆ.

ಸಣ್ಣವನಿದ್ದಾಗ ಒಮ್ಮೆ ಡಿಸೆಂಬರ್ ಥಂಡಿಯಲ್ಲಿ ಗದಗ ಕಡೆಯ ಜಾತ್ರೆಗೆ ಅವರ ಜೊತೆ ಹೋಗಿದ್ದೆ. ಸ್ಟೇಜಿನ ಮೇಲೆ ಕಾಕಾ ತಮ್ಮ ಬಿಟ್ ಬರುವ ತನಕ ಕೊಳಲನ್ನು ಶಾಲಿನೊಳಗೆ ಎದೆಗೆ ಅವಚಿಕೊಂಡು, ಸದ್ದಾಗದಂತೆ ಅದರೊಳಗೆ ಬಿಸಿ ಉಸಿರು ಬಿಡುತ್ತಿದ್ದರು. ಆಮೇಲೆ ಕೇಳಿದ್ದಕ್ಕೆ ಹೇಳಿದರು: "ಥಂಡಿಗೆ ಸ್ವರಾ ಇಳೀತಾವ ತಮ್ಮಾ. ಕೀಬೋರ್ಡಿಗೆ ಥಂಡಿ ಹತ್ತಂಗಿಲ್ಲ. ನಾವೇ ಅದಕ್ಕ ಹೊಂದ್ಕೋಬೇಕು." ಒಳಗಿನ ಗಾಳಿ ತಣ್ಣಗಾದರೆ ಸ್ವರ ಇಳಿಯುತ್ತದೆ, ಕಾದರೆ ಏರುತ್ತದೆ. ಕೊಳಲನ್ನು ತುಟಿಯ ಮೇಲೆ ಕೂದಲೆಳೆಯಷ್ಟು ಹೊರಳಿಸಿ, ನುಡಿಸುತ್ತ ನುಡಿಸುತ್ತಲೇ ಅದನ್ನು ಸರಿ ಮಾಡಬೇಕು.

ಇಂಥ ಕಿವಿಯಿದ್ದ ಮನುಷ್ಯನಿಗೆ ಧಾರವಾಡದ ಹಿರಿಯ ಸಂಗೀತಗಾರರೊಬ್ಬರು ನಾಲ್ಕು ಮಂದಿಯೆದುರು "ಆರ್ಕೆಸ್ಟ್ರಾ ಊದಿ ತುಟಿ ಕೆಡಿಸ್ಕೊಂಡಿ" ಅಂದುಬಿಟ್ಟಿದ್ದರು. ಕಾಕಾ ಅದನ್ನು ಇವತ್ತಿಗೂ ಮರೆತಿಲ್ಲ. ನನಗೂ ಸಿಟ್ಟು ಇಳಿದಿಲ್ಲ. ಬಿದಿರಿನ ಕೊಳಲನ್ನು ಹಿಂದುಸ್ತಾನಿ ಕಛೇರಿಯ ವೇದಿಕೆಗೆ ಏರಿಸಿದ ಪನ್ನಾಲಾಲ್ ಘೋಷರು ಮೊದಲು ಸಿನಿಮಾ ಸಂಗೀತದಲ್ಲೇ ದುಡಿದವರು; 1956ರಲ್ಲಿ ದಿಲ್ಲಿ ಆಕಾಶವಾಣಿಯ ವಾದ್ಯವೃಂದವನ್ನು ನಡೆಸಲು ಹೋದರು. ಹತ್ತಾರು ಜನರ ನಡುವೆ ತನ್ನ ಸರದಿ ಕಾದು ನುಡಿಸುವುದು ಅವರಿಗೆ ಕೀಳೆನಿಸಲಿಲ್ಲ. ಗೋಡ್ಖಿಂಡಿ ಮನೆತನದ ಕೊಳಲು ಕೇಳಿ ಬೆಳೆದ ಊರಿನವರು ನಾವು. ನಮಗೇಕೆ ಅನಿಸಬೇಕು?

ಕೀಬೋರ್ಡಿನವರ ಮೇಲೆ ನನಗೆ ಮುನಿಸಿಲ್ಲ, ಅವರದೂ ಹೊಟ್ಟೆಪಾಡು. ಆದರೆ ರಂಧ್ರದ ಮೇಲಿಂದ ಬೆರಳನ್ನು ನಿಧಾನ ಸರಿಸಿ ತೆಗೆಯುವ ಆ ಮೀಂಡ್, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಎಳೆತ, ಕೀಬೋರ್ಡಿನಲ್ಲಿ ನನಗೆ ಈವರೆಗೆ ಕೇಳಿಲ್ಲ. ಪೆಂಡಾಲಿಗೆ, ಡಿಜೆಗೆ ಲಕ್ಷಗಟ್ಟಲೆ ಸುರಿಯುವ ನಾವು ಉಳಿಸಲು ಹೊರಟದ್ದು ಕೊಳಲಿನವನ ಒಂದು ರಾತ್ರಿಯ ರೊಕ್ಕವನ್ನು.

ಕಾಕಾ ಈಗ ಕಾರ್ಯಕ್ರಮಕ್ಕೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಹದಿನಾಲ್ಕೂ ಕೊಳಲು ಹೊರಗೆ ತೆಗೆದು, ಸೀಳು ಬಿಡಬಾರದೆಂದು ಎಣ್ಣೆ ಸವರುತ್ತಾರೆ. ಅವರ ಹತ್ತಿರ ಕಲಿತ ಹುಡುಗ ಒಬ್ಬ ನವಲೂರಿನಲ್ಲಿದ್ದಾನೆ. ಭಾನುವಾರ ಮತ್ತೆ ಮೀಟಿಂಗ್ ಇದೆ. ಅವನನ್ನು ಕರೆಸಿರಿ, ಅವನ ರೊಕ್ಕ ನನ್ನ ಪಟ್ಟಿಯಲ್ಲಿ ಹಿಡಿಯಿರಿ ಅಂತ ಈ ಸಲ ಎದ್ದು ನಿಂತು ಹೇಳುತ್ತೇನೆ.